ಮಾಲ್ಟಾ: ಬಚ್ಚಲ ಒಲೆ ಇಲ್ಲದ ಮಲೆನಾಡು

ಅಮ್ಮ ಸಾಗರದಿಂದ ಜರ್ಮನಿಗೆ ಬಂದಿದ್ದು ಡಿಸೆಂಬರ್‌ನಲ್ಲಿ. ಮೇ ತಿಂಗಳಲ್ಲಿ ಬಾ ಅಂದರೆ ಕೇಳಲಿಲ್ಲ. ಮೊದಲ ವಾರ ಹಿಮ ನೋಡಿ ಖುಷಿಪಟ್ಟಳು, ಎರಡನೇ ವಾರದಿಂದ ಕಿಟಕಿ ಹತ್ತಿರ ಕೂತು "ನಿಮ್ಮೂರಲ್ಲಿ ಸೂರ್ಯ ರಜಾ ಹಾಕಿದಾನಾ?" ಅಂತ ದಿನಾ ಕೇಳೋಕೆ ಶುರು ಮಾಡಿದಳು. ಜನವರಿ ಮುಗಿಯುವ ಹೊತ್ತಿಗೆ ನನಗೂ ಸಾಕಾಗಿತ್ತು. ಅಮ್ಮನ ಷೆಂಗನ್ ವೀಸಾದಲ್ಲೇ ಮಾಲ್ಟಾಕ್ಕೂ ಹೋಗಬಹುದು, ಚಳಿಗಾಲ ಆದ್ದರಿಂದ ಟಿಕೆಟ್ಟೂ ಅಗ್ಗ. ಹದಿನೈದು ದಿನಕ್ಕೆ ಒಂದು ಹಳೇ ಮನೆಯ ಮಹಡಿ ಬುಕ್ ಮಾಡಿ ಇಬ್ಬರೇ ಹೊರಟೆವು.

ಸಿಸಿಲಿಯಿಂದ ದಕ್ಷಿಣಕ್ಕೆ 90 ಕಿಲೋಮೀಟರ್ ಆಸುಪಾಸಿನಲ್ಲಿರುವ ದೇಶ ಇದು. ಪಕ್ಕದ ಗೋಜೋ, ಕೊಮಿನೋ ದ್ವೀಪಗಳನ್ನೆಲ್ಲಾ ಸೇರಿಸಿದರೂ 316 ಚದರ ಕಿಲೋಮೀಟರ್, ಅಂದರೆ ಬೆಂಗಳೂರಿನ ಅರ್ಧವೂ ಇಲ್ಲ. ಜನವರಿ, ಫೆಬ್ರವರಿಯಲ್ಲಿ ಹಗಲು 15-16 ಡಿಗ್ರಿ, ರಾತ್ರಿ 9-10. ಇದನ್ನ ಫೋನಲ್ಲಿ ನೋಡಿ ನಾನು ದಪ್ಪ ಜಾಕೆಟ್‌ಗಳನ್ನೆಲ್ಲ ಮನೆಯಲ್ಲೇ ಬಿಟ್ಟೆ. ಅಲ್ಲೇ ನಾನು ಎಡವಿದ್ದು.

ಮೊದಲ ರಾತ್ರಿ ನಿದ್ದೆಯೇ ಬರಲಿಲ್ಲ. ಹೊರಗೆ ಏನೂ ಅನ್ನಿಸದ ಚಳಿ ಮನೆಯೊಳಗೆ ಮೂಳೆಗೆ ಇಳಿಯಿತು. ಈ ದ್ವೀಪದಲ್ಲಿ ಮನೆ, ಚರ್ಚು, ಕೋಟೆ ಎಲ್ಲಾ ಕಟ್ಟಿರೋದು ಒಂದೇ ಥರದ ಹಳದಿ ಸುಣ್ಣದ ಕಲ್ಲಿನಿಂದ. ಅದು ಮೆತ್ತಗಿನ ಕಲ್ಲು, ನೀರು ಹೀರಿಕೊಳ್ಳುತ್ತೆ. ಹಳೇ ಮನೆಗಳಿಗೆ ಜರ್ಮನಿಯ ಥರ ಹೀಟಿಂಗ್ ಇರಲ್ಲ, ನೆಲಕ್ಕೆ ಟೈಲ್ಸು, ಕಿಟಕಿಗೆ ಒಂದೇ ಪದರ ಗಾಜು. ಬೇಸಿಗೆಯಲ್ಲಿ ಬದುಕೋಕೆ ಕಟ್ಟಿದ ಮನೆಗಳು ಇವು. ಕೆಳಗಿನ ಮನೆಯಲ್ಲಿದ್ದ ಓನರ್ ಅಜ್ಜಿ ಬೆಳಿಗ್ಗೆ ಒಂದು ಗ್ಯಾಸ್ ಹೀಟರ್ ತಳ್ಳಿಕೊಂಡು ಬಂದರು. "ಇದು ಚಳಿ ಅಲ್ಲ, ಉಮ್ದಿತಾ" ಅಂದರು. ತೇವ ಅಂತ ಅರ್ಥ. ಆಮೇಲೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಯಾರ ಹತ್ತಿರ ಚಳಿ ಅಂದರೂ ಇದೇ ಉತ್ತರ.

ಅಮ್ಮನಿಗೆ ಅರ್ಥ ಮಾಡಿಸೋದೇ ಬೇಕಿರಲಿಲ್ಲ. ಅಷ್ಟರಲ್ಲಿ ಅವಳು ಅಡುಗೆಮನೆಯ ಉಪ್ಪಿನ ಡಬ್ಬಿ ತೆಗೆದು ನೋಡಿದ್ದಳು. ಉಪ್ಪು ಗಟ್ಟಿಯಾಗಿ, ಅಂಚಿನಲ್ಲಿ ನೀರು ಬಿಟ್ಟಿತ್ತು. ಒಂದು ಚಿಟಿಕೆ ಅಕ್ಕಿ ಹಾಕಿ ಮುಚ್ಚಳ ಬಿಗಿದು, "ಥೇಟ್ ನಮ್ಮೂರ ಆಷಾಢ ಕಣೇ. ಬಚ್ಚಲ ಒಲೆ ಒಂದು ಇಲ್ಲ ಅಷ್ಟೆ" ಅಂದಳು.

ಅಲ್ಲಿಂದ ನಮ್ಮ ದಿನಚರಿಯನ್ನ ಅಮ್ಮನೇ ಮಲೆನಾಡಿನ ಲೆಕ್ಕದಲ್ಲಿ ನಡೆಸಿದಳು. ಒಂಬತ್ತಕ್ಕೆ ಬಿಸಿಲು ತಾರಸಿಗೆ ಬಂತು ಅಂದರೆ ಹಾಸಿಗೆ, ಹೊದಿಕೆ, ಬಟ್ಟೆ ಎಲ್ಲಾ ಮೇಲೆ. ಮೂರೂವರೆಗೆ, ತಂಪು ಹಿಡಿಯೋ ಮುಂಚೆ, ಎಲ್ಲಾ ಕೆಳಗೆ. ಮಧ್ಯೆ ಅಮ್ಮ ಮತ್ತು ಆ ಅಜ್ಜಿ ತಾರಸಿಯಲ್ಲಿ ಕುರ್ಚಿ ಹಾಕಿಕೊಂಡು ಬೆನ್ನು ಕಾಯಿಸ್ತಾ ಕೂರೋರು. ಅಮ್ಮ ಕನ್ನಡ, ಅಜ್ಜಿ ಮಾಲ್ಟೀಸ್, ಗಂಟೆಗಟ್ಟಲೆ ಮಾತು. ಏನು ಮಾತಾಡ್ತಿದ್ರಿ ಅಂತ ಕೇಳಿದರೆ "ಮಂಡಿ ನೋವು" ಅಂದಳು. ಮನೆಯಿಂದ ಹೊರಗೆ ಹೋಗುವಾಗ ಸ್ವೆಟರ್ ತೆಗೆಯೋದು, ಒಳಗೆ ಬಂದಾಗ ಹಾಕೋದು. ಎರಡು ದಿನದಲ್ಲಿ ಅಭ್ಯಾಸ ಆಯಿತು. ಸ್ಲೀಮಾದ ಸಮುದ್ರದ ದಂಡೆಯಲ್ಲಿ ಊರಿನ ಮುದುಕರು ಬಿಸಿಲಿರೋ ಬೆಂಚುಗಳನ್ನೇ ಹುಡುಕಿ ಕೂತಿರೋದು ಯಾಕೆ ಅಂತ ಆಗ ತಿಳೀತು.

ಬೇಸಿಗೆಯ ಫೋಟೋಗಳಲ್ಲಿ ಮಾಲ್ಟಾ ಅಂದರೆ ಸುಟ್ಟ ರೊಟ್ಟಿ ಬಣ್ಣದ ನೆಲ. ಇಲ್ಲಿ ಮಳೆ ನಮ್ಮಲ್ಲಿನ ಹಾಗೆ ಜೂನ್‌ನಲ್ಲಿ ಬರಲ್ಲ, ಚಳಿಗಾಲದಲ್ಲೇ ಬರೋದು. ಹಾಗಾಗಿ ಫೆಬ್ರವರಿಯಲ್ಲಿ ಇಡೀ ದ್ವೀಪ ಹಸಿರು. ಒಂದು ದಿನ ದಿಂಗ್ಲಿ ಬಂಡೆಗಳ ಅಂಚಿನಲ್ಲಿ ನಡೆದೆವು. ಒಂದು ಕಡೆ 250 ಮೀಟರ್ ಕೆಳಗೆ ಸಮುದ್ರ, ಇನ್ನೊಂದು ಕಡೆ ಗಾರೆಯಿಲ್ಲದೆ ಕಲ್ಲು ಪೇರಿಸಿದ ಗೋಡೆಗಳು, ಅವುಗಳ ಮಧ್ಯೆ ಚಿಕ್ಕ ಚಿಕ್ಕ ಹೊಲ. ಗೋಡೆಯ ಬುಡದಲ್ಲೆಲ್ಲ ಹಳದಿ ಹೂವು. ಅಮ್ಮ ಬಗ್ಗಿ ಒಂದು ದಂಟು ಕಿತ್ತು, ಮೂರೆಲೆ ನೋಡಿ, ಬಾಯಿಗೇ ಹಾಕಿಕೊಂಡಳು. ನಾನು ಬೇಡ ಅನ್ನೋದರೊಳಗೆ "ಹುಳಿಸೊಪ್ಪು!" ಅಂತ ಘೋಷಣೆ. ಸರಿಯಾಗಿಯೇ ಹೇಳಿದ್ದಳು. ನಮ್ಮ ಹೂಕುಂಡದಲ್ಲಿ ತಾನಾಗೇ ಹುಟ್ಟುತ್ತಲ್ಲ, ಅದರ ದೊಡ್ಡ ನೆಂಟ. ಊರು ದಕ್ಷಿಣ ಆಫ್ರಿಕಾ. 19ನೇ ಶತಮಾನದ ಶುರುವಿನಲ್ಲಿ ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬಂದು ದ್ವೀಪವನ್ನೇ ಆವರಿಸಿಕೊಂಡಿದೆ, ಮಾಲ್ಟಾದವರು ಇದನ್ನ 'ಇಂಗ್ಲಿಷ್ ಹುಲ್ಲು' ಅಂತ ಕರೀತಾರೆ.

ತಿಂಡಿ ವಿಷಯಕ್ಕೆ ಬಂದರೆ ಪಸ್ತಿಜ್ಜಿ. ನಮ್ಮ ಬೇಕರಿ ಪಫ್ಸ್‌ನ ಅಣ್ಣ ಅನ್ನಿ. ಒಂದು ರಿಕೊಟಾ ಚೀಸ್‌ದು, ಇನ್ನೊಂದು ಬಟಾಣಿಯದು. ಕೆಲವು ಕಡೆ ಹಿಟ್ಟಿಗೆ ಹಂದಿ ಕೊಬ್ಬು ಹಾಕ್ತಾರೆ, ಸಸ್ಯಾಹಾರಿಗಳು ಕೇಳಿ ತಿನ್ನಿ. ಜೊತೆಗೆ ಗಾಜಿನ ಲೋಟದಲ್ಲಿ ಹಾಲು ಹಾಕಿದ ಚಹಾ, ಅದೂ ಸ್ಟ್ರಾಂಗು. ಯುರೋಪಿಗೆ ಬಂದ ಮೇಲೆ ಮೊದಲ ಸಲ ಸರಿಯಾದ ಚಹಾ ಕುಡಿದೆ ಅಂತ ಅಮ್ಮ ಎರಡು ಲೋಟ ಕುಡಿದಳು. ನನ್ನ ಚಹಾಕ್ಕೆ ಹೊಡೆದ ಟಾಂಗ್ ಅದು, ಬಿಡಿ. ಕಹಿ ಕಿತ್ತಳೆಯಿಂದ ಮಾಡೋ ಕಿನ್ನಿ ಅನ್ನೋ ಸೋಡಾವನ್ನ ಮಾತ್ರ ಒಂದು ಗುಟುಕು ಕುಡಿದು ನನ್ನ ಕಡೆ ತಳ್ಳಿದಳು.

ಎಲ್ಲಾ ದಿನ ಬಿಸಿಲಿತ್ತು ಅಂತ ಸುಳ್ಳು ಹೇಳಲ್ಲ. ಈಶಾನ್ಯದಿಂದ ಬೀಸೋ 'ಗ್ರೆಗಾಲೆ' ಅನ್ನೋ ಗಾಳಿ ಶುರುವಾದರೆ ಸಮುದ್ರ ರಸ್ತೆಗೆ ಬರುತ್ತೆ. ಗೋಜೋದಿಂದ ವಾಪಸ್ ಬರೋ ದಿನ ನಮ್ಮ ಚಿಕ್ಕ ಬೋಟ್ ರದ್ದಾಗಿ, ಕಾರುಗಳನ್ನ ಹೊರೋ ದೊಡ್ಡ ಹಡಗು ಹತ್ತಿದೆವು. ಬರೀ 25 ನಿಮಿಷದ ದಾರಿ, ಅಮ್ಮ ಅಷ್ಟೂ ಹೊತ್ತು ಕಣ್ಣು ಮುಚ್ಚಿ ಹನುಮಾನ್ ಚಾಲೀಸಾ. ಕ್ರಿ.ಶ. 60ರಲ್ಲಿ ಕ್ರೈಸ್ತ ಧರ್ಮ ಸಾರಿದ ಸಂತ ಪೌಲನ ಹಡಗನ್ನ ತಂದು ಈ ದ್ವೀಪಕ್ಕೆ ಬಡಿದಿದ್ದೂ ಇದೇ ಗಾಳಿ ಅಂತ ಇಲ್ಲಿಯವರು ನಂಬ್ತಾರೆ.

ಆ ಹಡಗು ಒಡೆದಿದ್ದಕ್ಕೂ ಇಲ್ಲಿ ಹಬ್ಬ ಇದೆ, ಫೆಬ್ರವರಿ 10ಕ್ಕೆ. ರಾಜಧಾನಿ ವ್ಯಾಲೆಟ್ಟಾದ ಇಕ್ಕಟ್ಟು ಬೀದಿಯಲ್ಲಿ ಪೌಲನ ಮೂರ್ತಿಯನ್ನ ಹೆಗಲ ಮೇಲೆ ಹೊತ್ತು ತರ್ತಾರೆ, ಮುಂದೆ ಬ್ಯಾಂಡು, ಮೇಲಿನ ಬಾಲ್ಕನಿಗಳಿಂದ ಚೂರು ಕಾಗದದ ಮಳೆ. ಪ್ರವಾಸಿಗರು ಕಮ್ಮಿ, ಊರಿನವರೇ ಜಾಸ್ತಿ. ಅಮ್ಮ ಚಪ್ಪಲಿ ಬಿಟ್ಟು ಕೈ ಮುಗಿದಳು. ಆಮೇಲೆ ಆ ಕಾಗದದ ರಾಶಿಯಲ್ಲಿ ಒಂದು ಚಪ್ಪಲಿ ಹುಡುಕೋಕೆ ಕಾಲು ಗಂಟೆ ಹಿಡೀತು.

ಹೋಗೋರಿದ್ದರೆ ದಪ್ಪ ಸಾಕ್ಸು, ಬಿಸಿನೀರಿನ ಚೀಲ ಇಟ್ಟುಕೊಳ್ಳಿ. ಮನೆ ಬುಕ್ ಮಾಡುವಾಗ ಸಮುದ್ರ ಕಾಣುತ್ತಾ ಅಂತ ಕೇಳೋಕೆ ಹೋಗಬೇಡಿ. ತಾರಸಿಗೆ ಎಷ್ಟು ಗಂಟೆಗೆ ಬಿಸಿಲು ಬರುತ್ತೆ ಅಂತ ಕೇಳಿ.