ಲೀಡ್ಸ್‌ನ ಫಲಕ, ಚಂದನನಗರದ ಕನ್ನಡಕ

ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದವರ ಫಲಕ ಇದೆ. ಅಷ್ಟೂ ಇಂಗ್ಲಿಷ್ ಹೆಸರುಗಳ ಮಧ್ಯೆ ಒಂದು ‘ಜೆ. ಎನ್. ಸೇನ್’. ಯಾರಪ್ಪ ಇದು ಅಂತ ಹುಡುಕಿದರೆ, ಬಂಗಾಳದ ಚಂದನನಗರದ ಜೋಗೇಂದ್ರನಾಥ ಸೇನ್! 1913ರಲ್ಲಿ ಲೀಡ್ಸ್‌ನಲ್ಲೇ ಎಂಜಿನಿಯರಿಂಗ್ ಮುಗಿಸಿ, ಅಲ್ಲೇ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದ. ಮರುವರ್ಷ ಯುದ್ಧ ಶುರುವಾದಾಗ ‘ಲೀಡ್ಸ್ ಪಾಲ್ಸ್’ (ಊರಿನ ಗೆಳೆಯರು, ಜೊತೆ ಕೆಲಸಗಾರರು ಒಟ್ಟಿಗೆ ಸೇರಿದ ಸ್ವಯಂಸೇವಕರ ಪಡೆ) ಸೇರಿಕೊಂಡ. ಜೊತೆಗಿದ್ದ ಎಷ್ಟೋ ಜನರಿಗಿಂತ ಹೆಚ್ಚು ಓದಿದ್ದರೂ ಕೊನೆವರೆಗೂ ಬರೀ ಸಿಪಾಯಿ. (ಚರ್ಮದ ಬಣ್ಣದ ಮುಂದೆ ಡಿಗ್ರಿ ಏನು ಮಾಡೀತು, ಬಿಡಿ.) 1916ರ ಮೇ 22ರ ರಾತ್ರಿ ಫ್ರಾನ್ಸಿನಲ್ಲಿ ಸತ್ತ. ವಯಸ್ಸು 28.

ಇದರಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ದಾಖಲೆಯ ಕಥೆ. ಫಲಕ ಅಲ್ಲಿ, ಅವನ ರಕ್ತದ ಕಲೆಯ ಕನ್ನಡಕ ಇಲ್ಲಿ, ಚಂದನನಗರದ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ. ಶಾಂತನು ದಾಸ್ ಅನ್ನುವ ವಿದ್ವಾಂಸರು 2005ರಲ್ಲಿ ಅದನ್ನು ನೋಡಿ ಬೆನ್ನು ಹತ್ತದಿದ್ದರೆ ನಮಗೆಲ್ಲ ಈ ಕಥೆ ಎಲ್ಲಿ ತಿಳಿಯುತ್ತಿತ್ತು?

ವಿಶ್ವವಿದ್ಯಾಲಯ ಹೆಸರು ಕೆತ್ತಿಸಿದ್ದು ದೊಡ್ಡ ವಿಷಯವೇ, ಇಲ್ಲ ಅನ್ನಲ್ಲ. ಆದರೆ ಬರೀ ಇನಿಶಿಯಲ್ ಇದ್ದರೆ ಹುಟ್ಟಿದ ಊರು, ಓದಿದ ವಿಷಯ, ಮನೆಯವರು ಯಾವುದೂ ಗೊತ್ತಾಗಲ್ಲ. ಒಂದು ಫೋಟೊ, ಪ್ರವೇಶದ ಅರ್ಜಿ, ಮನೆಗೆ ಬಂದ ಒಂದು ಕಾಗದ ಜೊತೆಗಿದ್ದರೆ ಲೆಕ್ಕವೇ ಬೇರೆ.

ಅವನ ಸಮಾಧಿ ಉತ್ತರ ಫ್ರಾನ್ಸಿನ ಸುಕ್ರೆರಿ ಸೇನಾ ಸ್ಮಶಾನದಲ್ಲಿದೆ. ಆ ಕಡೆ ಹೋಗುವವರು ಯಾರಾದರೂ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ.