ಮನೆಯೊಳಗಿನ ಫೈಕಸ್ ಬೋನ್ಸಾಯ್: ಬಿಳಲೊಂದು ಮಣ್ಣು ಮುಟ್ಟುವವರೆಗೆ

ಮಾರ್ಚ್ 9

ಆಲ, ಅರಳಿ, ಅತ್ತಿಗಳ ಕುಲಕ್ಕೇ ಸೇರಿದ ಫೈಕಸ್ ಮೈಕ್ರೋಕಾರ್ಪ ಬೆಂಗಳೂರಿನ ನಮ್ಮ ಮನೆಯ ಪೂರ್ವದ ಕಿಟಕಿಯಲ್ಲಿದ್ದು, ಈಗ 38 ಸೆಂ.ಮೀ. ಎತ್ತರವಿದೆ. ಮೂಲ ಕಾಂಡ ನಶಿಸಿದ ಮೇಲೂ ಬಿಳಲುಗಳನ್ನೇ ಆಧರಿಸಿ ನಿಂತಿರುವ ಕೇತೋಹಳ್ಳಿಯ ದೊಡ್ಡ ಆಲದಮರವನ್ನು ಕಂಡ ದಿನದಿಂದ, ಈ ಪುಟ್ಟ ಗಿಡದಲ್ಲೂ ಒಂದಾದರೂ ಬಿಳಲನ್ನು ನೆಲಕ್ಕಿಳಿಸಬೇಕೆಂಬ ಆಸೆ ನನಗಿದೆ. ಇಂದು ಕುಂಡ ಬದಲಿಸಿ, ಬೇರಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಕತ್ತರಿಸಿ, ಜರಡಿ ಹಿಡಿದ ಇಟ್ಟಿಗೆ ಚೂರು, ದಪ್ಪ ಮರಳು ಮತ್ತು ಕಾಂಪೋಸ್ಟ್‌ಗಳ ಮಿಶ್ರಣ ತುಂಬಿದೆ.

ಏಪ್ರಿಲ್ 20

ಆರೆಂಟು ಎಲೆ ಬಿಟ್ಟಿದ್ದ ಚಿಗುರುಗಳನ್ನು ಎರಡೆಲೆಗೆ ಸವರಿದೆ. ಎಡಗೊಂಬೆಯನ್ನು ಬಾಗಿಸಲು ಅಲ್ಯೂಮಿನಿಯಂ ತಂತಿ ಸುತ್ತಿದೆ.

ಮೇ 18

ನಾಲ್ಕೇ ವಾರಗಳಲ್ಲಿ ತಂತಿ ತೊಗಟೆಯೊಳಗೆ ಕಚ್ಚಲಾರಂಭಿಸಿದೆ. ಬೇಸಿಗೆಯಲ್ಲಿ ಫೈಕಸ್ ಬಹುಬೇಗ ದಪ್ಪಗಾಗುವುದರಿಂದ ವಾರಕ್ಕೊಮ್ಮೆ ಪರೀಕ್ಷಿಸಬೇಕಿತ್ತು. ಬಿಚ್ಚಲು ಹೋದರೆ ಕೊಂಬೆ ಸೀಳಬಹುದೆಂದು ತಂತಿಯನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆದೆ.

ಜೂನ್ 22

ಮಳೆಗಾಲದ ತೇವಕ್ಕೆ ಎಡಗೊಂಬೆಯಿಂದ ನೂಲಿನಷ್ಟು ತೆಳ್ಳಗಿನ ಎರಡು ಬಿಳಲುಗಳು ಇಣುಕಿವೆ! ಮನೆಯೊಳಗೆ ನೀರು ಸಿಂಪಡಿಸಿದರೆ ಫ್ಯಾನಿನ ಗಾಳಿಗೆ ಕೆಲವೇ ನಿಮಿಷಗಳಲ್ಲಿ ಆರಿ, ಬಿಳಲಿನ ತುದಿ ಒಣಗುತ್ತದೆ. ಆದ್ದರಿಂದ ಎಳನೀರು ಕುಡಿಯುವ ಸ್ಟ್ರಾಗಳನ್ನು ಉದ್ದಕ್ಕೆ ಸೀಳಿ, ಒಳಗೆ ಒದ್ದೆಯಾದ ಪಾಚಿ ತುಂಬಿ, ಒಂದೊಂದು ಬಿಳಲಿಗೂ ಕವಚದಂತೆ ತೊಡಿಸಿ, ಕೆಳತುದಿಯನ್ನು ಮಣ್ಣಿನಲ್ಲಿ ಊರಿದ್ದೇನೆ. ಪಾಚಿಯ ತೇವ ದಿನವಿಡೀ ಉಳಿಯುವುದಲ್ಲದೆ, ಬಿಳಲು ನೇರವಾಗಿ ಇಳಿಯಲು ದಾರಿಯೂ ಸಿಗುತ್ತದೆ.

ಜುಲೈ 20

ಒಂದು ವಾರದಲ್ಲಿ 31 ಎಲೆಗಳು ಹಳದಿಯಾಗಿ ಉದುರಿದವು. ನೀರು ಸಾಲದೆಂದು ಭಾವಿಸಿ ಮೊದಲೆರಡು ದಿನ ಹೆಚ್ಚು ಹಾಕಿದ್ದು ನನ್ನ ತಪ್ಪು. ಮೋಡ ಮುಸುಕಿ ಬೆಳಕು ಕುಗ್ಗಿದ್ದಾಗಲೂ ಬೇಸಿಗೆಯ ಪ್ರಮಾಣವನ್ನೇ ಮುಂದುವರಿಸಿದ್ದರಿಂದ ಮಣ್ಣು ಆರುತ್ತಲೇ ಇರಲಿಲ್ಲ. ಈಗ ಕಡ್ಡಿಯೊಂದನ್ನು ಚುಚ್ಚಿ, ಅದು ಬಹುತೇಕ ಒಣಗಿ ಬಂದರೆ ಮಾತ್ರ ನೀರು ಹಾಕುತ್ತೇನೆ. ದಿನಕ್ಕೆ 12 ಗಂಟೆ ಎಲ್‌ಇಡಿ ದೀಪವನ್ನೂ ಉರಿಸುತ್ತಿದ್ದೇನೆ. ಗಿಡದ ಜಾಗವನ್ನು ಮಾತ್ರ ಬದಲಿಸಿಲ್ಲ, ಏಕೆಂದರೆ ಸ್ಥಳ ಬದಲಾದರೂ ಫೈಕಸ್ ಎಲೆ ಉದುರಿಸುತ್ತದೆ.

ಆಗಸ್ಟ್ 30

ಹೊಸ ಚಿಗುರು ಬಂದಿದೆ, ಆದರೆ ಕೆಲವು ಎಲೆಗಳು ಉದ್ದಕ್ಕೆ ಮಡಚಿಕೊಂಡಿವೆ. ಬಿಡಿಸಿ ನೋಡಿದರೆ ಒಳಗೆ ಕಪ್ಪು ಥ್ರಿಪ್ಸ್ ನುಸಿ. ಮಡಿಕೆಯೊಳಗೆ ಸಿಂಪಡಣೆ ತಲುಪದ ಕಾರಣ ಅಂಥ ಎಲೆಗಳನ್ನು ಕಿತ್ತು ಸೋಪಿನ ನೀರಿಗೆ ಹಾಕಿ, ಉಳಿದವಕ್ಕೆ ಸಂಜೆ ಬೇವಿನೆಣ್ಣೆಯ ದ್ರಾವಣ ಸಿಂಪಡಿಸಿದೆ.

ಅಕ್ಟೋಬರ್ 5

ಸ್ಟ್ರಾಗಳನ್ನು ಬಿಡಿಸಿದೆ. ಒಂದು ಬಿಳಲು ಅರ್ಧದಲ್ಲೇ ಒಣಗಿದೆ. ಇನ್ನೊಂದು ಮಣ್ಣು ಸೇರಿ, ಬಿಳಿಯ ಕವಲುಬೇರುಗಳನ್ನು ಬಿಟ್ಟು, ಬೆರಳಿಂದ ಮೆಲ್ಲಗೆ ಮುಟ್ಟಿದರೆ ತಂತಿಯಂತೆ ಬಿಗಿಯಾಗಿದೆ. ಆ ಬಿಳಲು ದಪ್ಪವಾಗಲೆಂದು ಅದರ ಮೇಲಿನ ರೆಂಬೆಯನ್ನು ಮುಂದಿನ ಬೇಸಿಗೆಯವರೆಗೆ ಸವರದೆ ಬಿಡುತ್ತೇನೆ.