ಪಂಕ್ಚರ್ ಹಾಕುವ ಮೊದಲು

ನಾನು ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಸೈಕಲ್ ಮೆಕ್ಯಾನಿಕ್. ನನ್ನ ಊರು ರಾಣೆಬೆನ್ನೂರು. ಅಲ್ಲಿ ಅಪ್ಪನದೊಂದು ಸಣ್ಣ ಸೈಕಲ್ ಅಂಗಡಿ ಇತ್ತು. ಬಾಡಿಗೆ ಸೈಕಲ್ಲು, ಪಂಕ್ಚರ್, ರಿಮ್ಮಿನ ಬೆಂಡು ತೆಗೆಯುವುದು, ವರ್ಷಕ್ಕೊಮ್ಮೆ ಓವರಾಯ್ಲಿಂಗ್. ಸ್ಕೂಲು ಬಿಟ್ಟ ಮೇಲೆ ನಾನು ಅಲ್ಲೇ ಕೂರುತ್ತಿದ್ದೆ. ಮದುವೆಯಾದ ಮೇಲೆ ಹೆಂಡತಿಗೆ ಇಲ್ಲಿ ಕೆಲಸ ಸಿಕ್ಕಿತು, ಇಬ್ಬರೂ ಬಂದೆವು. ಕೆಲಸ ಮಾಡಲು ಪರವಾನಗಿ ಕೈಗೆ ಬಂದ ದಿನ ನಾನು ಹುಡುಕಿಕೊಂಡು ಹೋಗಿದ್ದು ಸೈಕಲ್ ಅಂಗಡಿಯನ್ನೇ. ನನ್ನ ಕೈಗೆ ಚೆನ್ನಾಗಿ ಗೊತ್ತಿದ್ದ ಕೆಲಸ ಅದೊಂದೇ.

ಇಲ್ಲಿನ ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪ್ರತಿ ಬೇಸಿಗೆಯಲ್ಲಿ ಆಸ್ಟಿನ್‌ನಿಂದ ಅಲಾಸ್ಕಾದ ಆಂಕರೇಜ್‌ವರೆಗೆ ಸೈಕಲ್ ತುಳಿಯುತ್ತಾರೆ. ಟೆಕ್ಸಾಸ್ 4000 ಅಂತ ಅದರ ಹೆಸರು. ದೂರ 4000 ಮೈಲಿಗಿಂತ ಜಾಸ್ತಿ, ಅಂದರೆ ಸುಮಾರು 6500 ಕಿಲೋಮೀಟರ್. ಮುಗಿಸಲು ಹೆಚ್ಚುಕಡಿಮೆ 70 ದಿನ ಬೇಕು. ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಕೂಡಿಸುವುದು, ದಾರಿಯ ಊರುಗಳಲ್ಲಿ ಜನರ ಜೊತೆ ಕೂತು ಕ್ಯಾನ್ಸರ್ ಬಗ್ಗೆ ಮಾತಾಡುವುದು ಅವರ ಉದ್ದೇಶ. ಮೊದಲ ಸವಾರಿ ಹೊರಟಿದ್ದು 2004ರಲ್ಲಿ. ಅದನ್ನು ಶುರು ಮಾಡಿದವರಲ್ಲಿ ಒಬ್ಬರಾದ ಕ್ರಿಸ್ ಕಾಂಡಿಟ್ ಚಿಕ್ಕ ವಯಸ್ಸಿನಲ್ಲೇ ಹಾಡ್ಜ್‌ಕಿನ್ ಲಿಂಫೋಮಾ ಅನ್ನುವ ಕ್ಯಾನ್ಸರ್ ಬಂದು ಗುಣವಾದವರು. ಬೆಳಿಗ್ಗೆ ಹೊರಡುವ ಮೊದಲು ಸವಾರರೆಲ್ಲ ಸುತ್ತ ನಿಂತು, ಆ ದಿನದ ಸವಾರಿ ಯಾರಿಗಾಗಿ ಅಂತ ಹೇಳಿಕೊಳ್ಳುತ್ತಾರೆ. ಅಜ್ಜಿಗಾಗಿ, ಗೆಳೆಯನಿಗಾಗಿ, ನಿನ್ನೆ ರಾತ್ರಿ ಊಟ ಹಾಕಿದ ಮನೆಯವರಿಗಾಗಿ.

ನಮ್ಮ ಅಂಗಡಿಗೂ ಆ ತಂಡಕ್ಕೂ ಯಾವ ಒಪ್ಪಂದವೂ ಇಲ್ಲ. ಆದರೆ ವಿಶ್ವವಿದ್ಯಾಲಯ ಹತ್ತಿರ ಇರುವುದರಿಂದ ಪ್ರತಿ ವರ್ಷ ನಾಲ್ಕಾರು ಸವಾರರು ನಮ್ಮಲ್ಲಿಗೆ ಬರುತ್ತಾರೆ. ಎಷ್ಟೋ ಜನ ಆ ತಂಡಕ್ಕೆ ಸೇರುವ ತನಕ ದೂರದ ಸೈಕಲ್ ತುಳಿದವರೇ ಅಲ್ಲ.

ಅಂಥ ಒಬ್ಬ ಹುಡುಗಿ ಏಪ್ರಿಲ್ ತಿಂಗಳ ಶನಿವಾರ ಬಂದಳು. ಹಿಂದಿನ ಚಕ್ರ ಪಂಕ್ಚರ್. ಅಂಗಡಿಯಲ್ಲಿ ಅವತ್ತು ಕಾಲಿಡಲು ಜಾಗ ಇರಲಿಲ್ಲ. ನಾನು ಟೈರು ಬಿಚ್ಚಿ, ಹೊಸ ಟ್ಯೂಬು ಹಾಕಿ, ಗಾಳಿ ತುಂಬಿ ಕಳಿಸಿದೆ. ಹತ್ತು ನಿಮಿಷದ ಕೆಲಸ. ಎರಡು ದಿನ ಬಿಟ್ಟು ಮತ್ತೆ ಬಂದಳು. ಅದೇ ಚಕ್ರ. ಟ್ಯೂಬು ತೆಳ್ಳಗಿರಬೇಕು ಅಂತ ಹೇಳಿ ದಪ್ಪನೆಯ ಟ್ಯೂಬು ಹಾಕಿ ದುಡ್ಡು ತೆಗೆದುಕೊಂಡೆ. ಹಾಗೆ ಹೇಳುವಾಗ ನನಗೆ ಅನುಮಾನವೇ ಬರಲಿಲ್ಲ.

ಮುಂದಿನ ವಾರಾಂತ್ಯ ತಂಡದ ಅಭ್ಯಾಸದ ಸವಾರಿ ಇತ್ತು. ಆಸ್ಟಿನ್‌ನ ಪಶ್ಚಿಮಕ್ಕೆ ಹಿಲ್ ಕಂಟ್ರಿ ಅಂತ ಗುಡ್ಡಗಳ ಸೀಮೆ. ಏರು, ಇಳಿಜಾರು, ನೆರಳೇ ಇಲ್ಲದ ಹೆದ್ದಾರಿ. ಅಲ್ಲಿ ಅವಳ ಚಕ್ರ ಮತ್ತೆ ಕೂತಿತು. ಕೈಯಲ್ಲಿದ್ದ ಟ್ಯೂಬು ಹಾಕಿದಳು, ಅದೂ ಹೋಯಿತು. ಜೊತೆಯವರ ಟ್ಯೂಬು ಹಾಕಿದಳು, ಅದೂ ಹೋಯಿತು. ಉಳಿದವರನ್ನು ಮುಂದೆ ಕಳಿಸಿ, ಒಬ್ಬ ಗೆಳತಿಯ ಜೊತೆ ಮಟಮಟ ಮಧ್ಯಾಹ್ನ ರಸ್ತೆ ಪಕ್ಕದಲ್ಲಿ ಕಾರಿಗಾಗಿ ಕಾದಳು. ಲಾರಿಗಳು ಮೈಗೆ ತಾಗುವಷ್ಟು ಹತ್ತಿರ ಹೋಗುತ್ತಿದ್ದವಂತೆ.

ಸಂಜೆ ಚಕ್ರ ತಂದು ಕೌಂಟರ್ ಮೇಲೆ ಇಟ್ಟಳು. ಬೈಯಲಿಲ್ಲ. "ನಾನು ಹಾಕುವುದರಲ್ಲೇ ಏನೋ ತಪ್ಪಿರಬೇಕು, ಅಲ್ವಾ?" ಅಂತ ಕೇಳಿದಳು.

ಅವಳು ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಅವತ್ತು ನಾನು ಅಪ್ಪನ ಹಾಗೆ ಕೂತು ನೋಡಿದೆ. ಅಪ್ಪ ಟೈರು ಬಿಚ್ಚುವ ಮೊದಲು ವಾಲ್ವ್ ಎದುರಿಗೆ ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಿದ್ದ. ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ಗೇಣು ದೂರ ಇದೆಯೋ, ಟೈರಿನಲ್ಲೂ ಆ ಗೀಟಿನಿಂದ ಅಷ್ಟೇ ದೂರದಲ್ಲಿ ಹುಡುಕಬೇಕು. ಇಲ್ಲಿನ ಮೆಕ್ಯಾನಿಕ್‌ಗಳು ಇದೇ ಕೆಲಸಕ್ಕೆ ಟೈರಿನ ಕಂಪನಿ ಹೆಸರನ್ನು ವಾಲ್ವಿಗೆ ಸರಿಯಾಗಿ ಬರುವಂತೆ ಕೂರಿಸುತ್ತಾರೆ. ನಾನು ಅವಳ ಹಾಳಾದ ಟ್ಯೂಬುಗಳನ್ನು ಒಂದರ ಪಕ್ಕ ಒಂದು ಇಟ್ಟೆ. ತೂತು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಕಡೆ. ಟೈರಿನ ಆ ಜಾಗದಲ್ಲಿ ಬೆರಳಾಡಿಸಿದೆ, ಏನೂ ಸಿಗಲಿಲ್ಲ. ಹಳೇ ಬನಿಯನ್ ಚೂರು ತೆಗೆದುಕೊಂಡು ಒಳಗೆ ಉಜ್ಜಿದೆ. ಬಟ್ಟೆಯ ಎಳೆ ಸಿಕ್ಕಿಕೊಂಡಿತು.

ಕೂದಲಿನಷ್ಟು ಸಣ್ಣ ಉಕ್ಕಿನ ತಂತಿ.

ಲಾರಿ ಟೈರುಗಳ ಒಳಗೆ ಉಕ್ಕಿನ ತಂತಿಯ ಪದರ ಇರುತ್ತದೆ. ಟೈರು ಸಿಡಿದಾಗ ಆ ತಂತಿ ಚೂರುಚೂರಾಗಿ ಹೆದ್ದಾರಿಯ ಅಂಚಿನಲ್ಲಿ ಬೀಳುತ್ತದೆ. ಸೈಕಲ್ಲುಗಳು ಓಡುವುದೂ ಅದೇ ಅಂಚಿನಲ್ಲಿ. ಒಳಗೆ ಹೊಕ್ಕ ತಂತಿ ಸುಮ್ನೆ ಇರುವಾಗ ರಬ್ಬರಿನಲ್ಲಿ ಅಡಗಿರುತ್ತದೆ. ಮೇಲೆ ಭಾರ ಬಿದ್ದು ಚಕ್ರ ತಿರುಗಿದಾಗ ಮಾತ್ರ ಟ್ಯೂಬಿಗೆ ಚುಚ್ಚುತ್ತದೆ. ಹಾಗಾಗಿ ಅಂಗಡಿಯಲ್ಲಿ ಗಾಳಿ ನಿಲ್ಲುತ್ತದೆ, ದಾರಿಯಲ್ಲಿ ಹೋಗುತ್ತದೆ. ನಾನು ಎರಡು ಸಲ ಮಾರಿದ ಟ್ಯೂಬಿನಲ್ಲಿ ಯಾವ ದೋಷವೂ ಇರಲಿಲ್ಲ.

ಅಪ್ಪ ಹೇಳುತ್ತಿದ್ದ ಮಾತು ಆಮೇಲೆ ನೆನಪಾಯಿತು. "ತೂತು ಎಲ್ಲೈತಿ ಅನ್ನೋದು ಬೋಗುಣಿ ನೀರು ಹೇಳ್ತೈತೋ ತಮ್ಮಾ. ಯಾಕ್ ಬಿತ್ತು ಅನ್ನೋದು ನೀನೇ ಹುಡುಕಬೇಕು."

ಎರಡೂ ಟ್ಯೂಬಿನ ದುಡ್ಡು ವಾಪಸ್ ಕೊಟ್ಟು, ತಪ್ಪು ನನ್ನದು ಅಂತ ಅವಳಿಗೆ ಹೇಳಿದೆ. ಆ ತಂತಿಯನ್ನು ಅವಳು ಒಂದು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಳು. ಬೇರೆ ಯಾರಿಗಾದರೂ ಹೀಗೆ ಆಗಿದೆಯಾ ಅಂತ ಕೇಳಿದಳು. ಹೌದು ಅಂದೆ. ನಾನು ಹೇಳಿದ್ದು ಸೈಕಲ್ ವಿಷಯ ಅಲ್ಲ.

ಅಪ್ಪನಿಗೆ ಕೆನ್ನೆಯ ಒಳಗೆ ಒಂದು ಹುಣ್ಣಾಗಿತ್ತು. ದಿನವಿಡೀ ಅಡಿಕೆ, ತಂಬಾಕು ಅದೇ ದವಡೆಯಲ್ಲಿ ಇರುತ್ತಿತ್ತು. ಉಷ್ಣ ಅಂದರು. ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟರು, ಹಚ್ಚಲು ಮುಲಾಮು ಕೊಟ್ಟರು. ಸ್ವಲ್ಪ ಕಡಿಮೆಯಾದಂತೆ ಅನಿಸುತ್ತಿತ್ತು, ಮತ್ತೆ ಬರುತ್ತಿತ್ತು. ಹಾಗೇ ಐದು ತಿಂಗಳು ಹೋಯಿತು. ಡಾಕ್ಟರೂ ಒಳಗೆ ಬೆರಳಿಟ್ಟು ನೋಡಲಿಲ್ಲ, ನಾವೂ ಕೇಳಲಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಗಂಟು ಕುತ್ತಿಗೆಗೆ ಇಳಿದಿತ್ತು. ಅಲ್ಲಿ ಹುಣ್ಣಿನ ಚೂರು ತೆಗೆದು ಪರೀಕ್ಷೆ ಮಾಡಿದರು. ವಿಕಿರಣ ಕೊಟ್ಟರು, ಜೊತೆಗೆ ಸಿಸ್‌ಪ್ಲಾಟಿನ್ ಅನ್ನುವ ಔಷಧಿಯ ಡ್ರಿಪ್ ಹಾಕಿದರು. ಅಪ್ಪ ಇನ್ನೂ ಎರಡು ವರ್ಷ ಇದ್ದ. ಒಂದು ವರ್ಷ ಅಂಗಡಿಯನ್ನೂ ತೆಗೆದ. ಆ ಒಂದು ವರ್ಷಕ್ಕೆ ನಾನು ಇವತ್ತಿಗೂ ಋಣಿ.

ಮೂರು ವಾರ ಕಳೆದರೂ ಮಾಯದ ಹುಣ್ಣು ಬಾಯಲ್ಲಿ ಇದ್ದರೆ ದಯವಿಟ್ಟು ದೊಡ್ಡ ಆಸ್ಪತ್ರೆಗೆ ತೋರಿಸಿ. ಕೆಲಸದ ಅನುಭವ ಬರೆಯುತ್ತಾ ಇದನ್ನು ಯಾಕೆ ಹೇಳುತ್ತಿದ್ದೇನೆ ಅನಿಸಬಹುದು. ಓದುವವರ ಮನೆಯಲ್ಲೂ ಅಡಿಕೆ ಹಾಕುವ ಅಪ್ಪ, ಅವ್ವ ಇರುತ್ತಾರೆ. ಅದಕ್ಕೆ.

ಆ ಸಂಜೆ ಹುಡುಗಿಯ ಜೊತೆ ಬಂದಿದ್ದ ಹುಡುಗ ಜೀವಶಾಸ್ತ್ರ ಓದುವವನು. ನಾನು ಹೇಳಿದ ಅಪ್ಪನ ಕಥೆಯಲ್ಲಿ ಸಿಸ್‌ಪ್ಲಾಟಿನ್ ಹೆಸರು ಕೇಳಿ ಅವನ ಮುಖ ಅರಳಿತು. ಆ ಔಷಧಿ ಸಿಕ್ಕಿದ ಕಥೆಯನ್ನು ನನಗೆ ಹೇಳಿದ್ದು ಅವನೇ. 1960ರ ದಶಕದಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಅನ್ನುವ ವಿಜ್ಞಾನಿ ಬ್ಯಾಕ್ಟೀರಿಯಾಗಳ ನಡುವೆ ಕರೆಂಟು ಹರಿಸಿ ನೋಡುತ್ತಿದ್ದರು. ಬ್ಯಾಕ್ಟೀರಿಯಾಗಳು ಎರಡಾಗಿ ಒಡೆಯುವುದನ್ನೇ ನಿಲ್ಲಿಸಿ ದಾರದ ಹಾಗೆ ಉದ್ದಕ್ಕೆ ಬೆಳೆದವು. ಕರೆಂಟಿನಿಂದಲೇ ಹೀಗಾಯಿತು ಅಂತ ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರ ತಂಡ ಹುಡುಕುತ್ತಾ ಹೋಯಿತು. ಕರೆಂಟು ಹರಿಸಲು ಇಟ್ಟಿದ್ದ ಪ್ಲಾಟಿನಂ ಕಡ್ಡಿಗಳಿಂದ ಬಿಟ್ಟುಕೊಂಡ ಪ್ಲಾಟಿನಂ ಅದಕ್ಕೆ ಕಾರಣ ಅಂತ ಗೊತ್ತಾಯಿತು. ಕೋಶ ಒಡೆಯುವುದನ್ನು ನಿಲ್ಲಿಸುವ ವಸ್ತು ಕ್ಯಾನ್ಸರ್ ಗಡ್ಡೆಯನ್ನೂ ನಿಲ್ಲಿಸಬಹುದಲ್ವಾ? ಆ ದಾರಿಯಲ್ಲಿ ನಡೆದು, 1978ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು.

ಮಿಷಿಗನ್‌ನ ಪ್ರಯೋಗಾಲಯದಲ್ಲಿ ಯಾರೋ "ಯಾಕೆ" ಅಂತ ಕೇಳಿದ್ದು, ರಾಣೆಬೆನ್ನೂರಿನ ಸೈಕಲ್ ಅಂಗಡಿಯವನ ತೋಳಿಗೆ ಡ್ರಿಪ್ ಆಗಿ ಬಂದಿತ್ತು. ಈ ಮಕ್ಕಳು ಮೈಲಿಗೊಂದು ಡಾಲರ್ ಅಂತ ಲೆಕ್ಕ ಹಾಕಿ ಯಾಕೆ ಬಾಗಿಲು ಬಾಗಿಲು ತಟ್ಟುತ್ತಾರೆ ಅನ್ನುವುದು ನನಗೆ ಆ ಸಂಜೆ ಮನಸ್ಸಿಗೆ ಇಳಿಯಿತು.

ಮರುದಿನ ಮಾಲೀಕರ ಹತ್ತಿರ ಎರಡು ವಿಷಯ ಕೇಳಿದೆ. ರಿಪೇರಿಗೆ ಬಂದ ಸೈಕಲ್ಲಿಗೆ ನಾವು ಕಟ್ಟುವ ಚೀಟಿಯಲ್ಲಿ "ಕಾರಣ" ಅಂತ ಒಂದು ಸಾಲು ಬೇಕು. ಅದನ್ನು ತುಂಬದೆ ಪಂಕ್ಚರಿನ ಬಿಲ್ಲು ಮಾಡಬಾರದು. ಮಾಲೀಕರು ತಕ್ಷಣ ಒಪ್ಪಿದರು. ಇನ್ನೊಂದು, ಅಲಾಸ್ಕಾಕ್ಕೆ ಹೊರಡುವ ಮಕ್ಕಳಿಗೆ ಬುಧವಾರ ಸಂಜೆ ಅಂಗಡಿ ಮುಚ್ಚಿದ ಮೇಲೆ ಪಂಕ್ಚರ್ ಕಲಿಸುತ್ತೇನೆ ಅಂದೆ. ಅದಕ್ಕೂ ಹೂಂ ಅಂದರು.

ಆರು ಜನ ಬಂದರು. ಮೊದಲ ಬುಧವಾರ ನಾನು ತುಂಬಾ ಕೆಟ್ಟದಾಗಿ ಕಲಿಸಿದೆ. ಅವರು ಟೈರಿನ ಜೊತೆ ಗುದ್ದಾಡುವುದು ನೋಡಲಾಗದೆ ನಾನೇ ಕಿತ್ತುಕೊಂಡು ಮಾಡಿಬಿಡುತ್ತಿದ್ದೆ. ಅವರು ನನ್ನ ಕೈ ನೋಡಿದರು, ಅಷ್ಟೇ. ಎರಡನೇ ಬುಧವಾರ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತೆ. ಒಬ್ಬನಿಗೆ ಒಂದು ಟೈರು ಕೂರಿಸಲು ನಲವತ್ತು ನಿಮಿಷ ಹಿಡಿಯಿತು. ಹೆಬ್ಬೆರಳು ಕೆಂಪಾಗಿತ್ತು. ಆದರೆ ಆ ಟೈರು ಅವನೇ ಕೂರಿಸಿದ್ದು. ದಾರಿಯಲ್ಲಿ ನಾನು ಇರುವುದಿಲ್ಲವಲ್ಲ.

ತೂತನ್ನು ಓದುವುದನ್ನು ಕಲಿಸಿದೆ. ಟ್ಯೂಬಿನ ಹೊರಬದಿಗೆ ಒಂದೇ ತೂತು ಇದ್ದರೆ ಮುಳ್ಳು, ಗಾಜು, ಇಲ್ಲವೇ ತಂತಿ. ಜೋಡಿ ತೂತು ಅಕ್ಕಪಕ್ಕ ಇದ್ದರೆ ಹಾವು ಕಚ್ಚಿದ ಹಾಗೆ ಕಾಣುತ್ತದೆ. ಗಾಳಿ ಕಡಿಮೆ ಇದ್ದು, ಗುಂಡಿಗೆ ಬಿದ್ದಾಗ ರಿಮ್ಮಿನ ಅಂಚಿಗೂ ರಸ್ತೆಗೂ ನಡುವೆ ಟ್ಯೂಬು ಜಜ್ಜಿದೆ ಅಂತ ಅರ್ಥ. ಒಳಬದಿಗೆ, ಅಂದರೆ ರಿಮ್ಮಿನ ಕಡೆಗೆ ತೂತು ಇದ್ದರೆ ರಿಮ್ ಟೇಪು, ಅಂದರೆ ಕಡ್ಡಿ ಕೂರುವ ತೂತುಗಳು ಟ್ಯೂಬಿಗೆ ತಾಗದಂತೆ ರಿಮ್ಮಿನ ಮೇಲೆ ಸುತ್ತಿರುವ ಪಟ್ಟಿ, ನೋಡಬೇಕು. ಮುಳ್ಳಿನ ಮಾದರಿ ತೋರಿಸಲು ಅಂಗಡಿಯ ಹಿಂದಿನ ಖಾಲಿ ಜಾಗಕ್ಕೆ ಹೋಗಿ ಒಂದು ಹಿಡಿ ಆರಿಸಿ ತಂದೆ. ಇಲ್ಲಿನವರು ಮೇಕೆ ತಲೆ ಅಂತ ಕರೆಯುವ, ಪಶ್ಚಿಮದ ರಾಜ್ಯಗಳಲ್ಲೆಲ್ಲ ಸೈಕಲ್ಲಿನವರಿಗೆ ಕಾಟ ಕೊಡುವ ಮುಳ್ಳು ಅದು. ಕೈಯಲ್ಲಿ ಹಿಡಿದ ಮೇಲೆ ಗುರುತು ಸಿಕ್ಕಿತು. ನಮ್ಮ ನೆಗ್ಗಿಲು ಮುಳ್ಳು! ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುತ್ತಿತ್ತಲ್ಲ, ಅದೇ ಗಿಡ. ಅದು ಈ ದೇಶದ್ದಲ್ಲ, ಹೊರಗಿನಿಂದ ಬಂದು ಬೇರೂರಿದ್ದು. ಮಕ್ಕಳು ಅದರ ಕನ್ನಡ ಹೆಸರು ಹೇಳಿಸಿಕೊಂಡು ಬಾಯಿಪಾಠ ಮಾಡಿದರು.

ಮೇ ಕೊನೆಗೆ ಅವಳು ಹೊರಡುವ ಮೊದಲು ಅಪ್ಪನ ಹೆಸರು ಕೇಳಿದಳು. ನಿಮ್ಮ ಭಾಷೆಯಲ್ಲೇ ಬರೆದುಕೊಡಿ ಅಂದಳು. ಬಿಳಿ ಟೇಪಿನ ಮೇಲೆ ಬರೆದುಕೊಟ್ಟೆ. ಹ್ಯಾಂಡಲ್ಲಿಗೆ ಸುತ್ತಿಕೊಂಡಳು.

ಆಗಸ್ಟ್‌ನಲ್ಲಿ ಆಂಕರೇಜ್‌ನಿಂದ ವಾಪಸ್ ಬಂದ ಮೇಲೆ ಸೈಕಲ್ಲನ್ನು ಓವರಾಯ್ಲಿಂಗಿಗೆ ತಂದಳು. ಚೈನು ಪೂರ್ತಿ ಸವೆದಿತ್ತು. ಬ್ರೇಕ್ ರಬ್ಬರು ಎರಡು ಸಲ ಬದಲಿಸಿದ್ದಳಂತೆ. ಟೇಪಿನ ಮೇಲಿನ ಅಕ್ಷರ ಬಿಸಿಲಿಗೆ, ಮಳೆಗೆ ಮಾಸಿತ್ತು, ಆದರೂ ಓದಬಹುದಿತ್ತು. ಚೀಲದಿಂದ ಹಳೇ ಟ್ಯೂಬುಗಳನ್ನು ತೆಗೆದು ಕೌಂಟರ್ ಮೇಲೆ ಹರಡಿದಳು. ಒಟ್ಟು ಏಳು ಪ್ಯಾಚು. ಪ್ರತಿ ಪ್ಯಾಚಿನ ಪಕ್ಕ ಪೆನ್ನಿನಲ್ಲಿ ಕಾರಣ ಬರೆದಿದ್ದಳು. ಮುಳ್ಳು. ತಂತಿ. ಗಾಜು. ತಂತಿ. ಗಾಳಿ ಕಡಿಮೆ. ಮತ್ತೆ ತಂತಿ. ಕೊನೆಯದರ ಪಕ್ಕ "ಗೊತ್ತಾಗಲಿಲ್ಲ" ಅಂತ ಇತ್ತು.

"ಅವತ್ತು ಅಲಾಸ್ಕಾ ಹೆದ್ದಾರಿಯಲ್ಲಿ ಜೋರು ಮಳೆ. ಬೆರಳು ಮರಗಟ್ಟಿತ್ತು," ಅಂದಳು.

ಆ ಪ್ಯಾಚು ಇದ್ದಿದ್ದು ಟ್ಯೂಬಿನ ಒಳಬದಿಗೆ. ಇಬ್ಬರೂ ಸೇರಿ ಚಕ್ರದ ಟೈರು ಬಿಚ್ಚಿದೆವು. ರಿಮ್ ಟೇಪಿನ ಮೇಲೆ ಅವಳೇ ಬೆರಳಾಡಿಸುತ್ತಾ ಹೋದಳು. ಒಂದು ಕಡೆ ನಿಲ್ಲಿಸಿದಳು. ಟೇಪು ಒಂದಿಷ್ಟು ಪಕ್ಕಕ್ಕೆ ಸರಿದು, ಕಡ್ಡಿ ಕೂರುವ ತೂತಿನ ಅಂಚು ಹೊರಗೆ ಕಾಣುತ್ತಿತ್ತು. ಕೌಂಟರ್ ಮೇಲಿದ್ದ ಪೆನ್ನು ತೆಗೆದುಕೊಂಡು, "ಗೊತ್ತಾಗಲಿಲ್ಲ" ಅಂತ ಬರೆದಿದ್ದನ್ನು ಹೊಡೆದುಹಾಕಿದಳು.